ಮೀಟರಿನ ಮಿತಿ

ನವೆಂಬರ್ 3, ಸೋಮವಾರ. ಬೆಳಗ್ಗೆ 7.10

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ನದಿಯ ಅಂಚಿಗೆ ತೆಳು ಹಿಮ. ನಮ್ಮ ಅಣು ರಿಯಾಕ್ಟರ್ ನಿಂತು ಹದಿನಾರನೇ ದಿನ. ತಂಪು ನೀರಿನ ಕೊಳದಿಂದ ಎತ್ತಿದ ಇಂಧನ ಸರಳಿನ ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ವಿಕಿರಣ ಸೋರಿದೆ. ಯಾರಿಗೂ ಏನೂ ಆಗಿಲ್ಲ. ವರದಿ ಬರೆಯುವ ಕೆಲಸ ನನಗೆ — 'ಕಲಿತ ಪಾಠಗಳು'. ಬೇರೆ ದೇಶಗಳ ರಿಯಾಕ್ಟರ್‌ಗಳವರೂ ಓದುತ್ತಾರೆ. ಇಪ್ಪತ್ತಾರು ವರ್ಷದ ಅನುಭವವಂತೆ ನನ್ನದು.

ನವೆಂಬರ್ 4

ನಿರ್ದೇಶಕ ಹಲ್ವಾರ್ಡ್ ಕರಡು ಓದಿದ. "ಚೆನ್ನಾಗಿದೆ. ನಾವು ಯಾರನ್ನೂ ದೂರೋದಿಲ್ಲ, ಗೊತ್ತಲ್ಲ? 'ಪಾಳಿಯ ಮುಖ್ಯಸ್ಥರು ಸೋರಿಕೆಯನ್ನು ಹನ್ನೊಂದು ಗಂಟೆ ತಡವಾಗಿ ಗಮನಿಸಿದರು' — ಅಷ್ಟು ಸಾಕು. ಹೆಸರು ಬೇಡ."

ಸೋರಿಕೆಯಾದ ಆ ಭಾನುವಾರ ಪಾಳಿಯಲ್ಲಿದ್ದ ಮುಖ್ಯಸ್ಥೆ ಗುನ್‌ವೋರ್ ಒಬ್ಬಳೇ. ಶುಕ್ರವಾರದ ಸಭೆಯಲ್ಲಿ ರಿಯಾಕ್ಟರ್ ಕೆಲಸದ ಅವಳ ಪರವಾನಗಿ ಹೋಗುತ್ತದೆ. ಅವಳಿಗೂ ಗೊತ್ತು. ಕಾಫಿ ಯಂತ್ರದ ಹತ್ತಿರ ಸಿಕ್ಕಳು.

"ಹೆಸರು ಹೇಳದೆ ನೇಣು ಹಾಕ್ತೀರಿ. ಬಹಳ ಸಭ್ಯರಪ್ಪ ನೀವು."

"ಗುನ್‌ವೋರ್..."

"ಅಲಾರಾಂ ಹೊಡೀಲೇ ಇಲ್ಲ ಮಾರಾಯ! ಹೊಡೀದೇ ಇರೋ ಗಂಟೆಗೆ ಎದ್ದು ಓಡಬೇಕಿತ್ತಾ ನಾನು?"

ಹೊಡೆಯಲಿಲ್ಲ. ಮೇ ತಿಂಗಳಲ್ಲಿ ವಿಕಿರಣ ಮೀಟರು ಕೂಗುವ ಮಿತಿಯನ್ನು ಎರಡು ಪಟ್ಟು ಏರಿಸಿದ್ದೆವು. 'ಏರಿಸಿದ್ದೆವು' ಅಂತ ಬರೆದಿದ್ದೇನೆ. ಕಾಗದದ ಮೇಲೆ ಸಹಿ ನನ್ನದೊಂದೇ.

ನವೆಂಬರ್ 6, ಗುರುವಾರ

ನಿದ್ದೆ ಸರಿಯಿಲ್ಲ. ಷೂ ಲೇಸು ಮೂರು ಸಲ ಕಟ್ಟಿದೆ.

ಮಿತಿ ಏರಿಸಿದ ಆ ಕಾಗದದಲ್ಲಿ ಎರಡನೇ ಸಹಿಯ ಜಾಗ ಖಾಲಿ. ಸಣ್ಣಪುಟ್ಟ ಬದಲಾವಣೆಗಳನ್ನು ಶುಕ್ರವಾರ ಎಲ್ಲರೂ ಸೇರಿ ವಾಫಲ್ ತಿಂಡಿ ತಿನ್ನುವ ಹೊತ್ತಿನಲ್ಲಿ ಕೇಳಿಬಿಡುವುದು ನಮ್ಮ ರೂಢಿ. ಯಾರೂ ಬೇಡ ಎನ್ನದಿದ್ದರೆ ಆಯಿತು. ಮೀಟರು ಪದೇ ಪದೇ ಕೂಗುತ್ತಿದೆ, ಹಳೆಯದಾಗಿದೆ, ಮಿತಿ ಏರಿಸೋಣವೇ ಎಂದು ಕೇಳಿದ್ದೆ. ಜಾಮ್ ಬಾಟಲಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ತಲೆಯಾಡಿಸಿದರು.

ಗುನ್‌ವೋರ್‌ಗೆ ಅದನ್ನು ನೆನಪಿಸಿದೆ. ತಪ್ಪು ಹಂಚಿಕೊಳ್ಳುವ ಆಸೆಯೇನೋ.

"ಹೌದು, ನಾನೂ ಆಡಿಸಿದ್ದೆ. ಬಾಯಿ ತುಂಬ ವಾಫಲ್ ಇತ್ತು. ಹಳೇ ಹುಲಿ ಹೇಳ್ತಿದೆಯಲ್ಲ, ಸರಿ ಇರತ್ತೆ ಅಂದ್ಕೊಂಡೆ."

ಸಹಿ ನನ್ನದೆಂದು ವರದಿಯಲ್ಲಿ ಬರೆಯುತ್ತೇನೆ ಎಂದು ಹಲ್ವಾರ್ಡ್‌ಗೂ ಹೇಳಿದೆ. ಕಿಟಕಿಯತ್ತ ನೋಡಿದ. "ಬರಿ, ಬೇಕಾದ್ರೆ. ಅವಳ ಪರವಾನಗಿ ಉಳಿಯತ್ತೆ, ನಿಂದು ಹೋಗತ್ತೆ. ಆಮೇಲೆ ಇಲ್ಲಿ ನಿನಗೆ ಏನು ಕೆಲಸ ಇರತ್ತೆ, ಅದನ್ನೂ ಯೋಚಿಸು."

ಯೋಚಿಸುತ್ತಿದ್ದೇನೆ. ಬೇರೇನೂ ಮಾಡಲಾಗುತ್ತಿಲ್ಲ.

ನವೆಂಬರ್ 7. ಬೆಳಗ್ಗೆ 8.40

ಬರೆದೆ. ನನ್ನ ಹೆಸರು, ತಾರೀಖು, ಸಹಿಯ ನಕಲು. ಮೊದಲ ಪ್ರತಿ ಗುನ್‌ವೋರ್‌ಗೆ ಕೊಟ್ಟೆ. ನಿಂತೇ ಓದಿದಳು. ಸಹಿಯ ಪುಟ ಬಂದಾಗ ಕುಳಿತಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡಿದ್ದೆ.

"ಒಂದು ಕೇಳ್ತೀನಿ. ಮೀಟರು ಹಳೇದಾಗಿದೆ ಅಂದೆಯಲ್ಲ, ಬಿಚ್ಚಿ ನೋಡಿದ್ದೆಯಾ?"

ಸಭೆಗೆ ಕರೆಯುತ್ತಿದ್ದಾರೆ. ವರದಿಯಲ್ಲಿ ಅದಿಲ್ಲ... ನೋಡಿದ್ದೆ. ಏಪ್ರಿಲ್ ಕೊನೆಯಲ್ಲಿ, ಒಬ್ಬನೇ. ಮೀಟರು ಸರಿಯಾಗಿಯೇ ಇತ್ತು, ಅದರ ಕೂಗೂ ನಿಜವೇ. ಗೊತ್ತಿದ್ದೂ ನಾನು —