ಲಿಸಾರ್ದೊನ ಖಾಲಿ ಚೌಕ

ನವೆಂಬರ್ 9, ಸಂಜೆ

ಇವತ್ತೂ ಇಲ್ಲ. ದೊನ್ ರಮೀರೊ ಅಂಗಡೀಲಿ ಆರು ಮಿಠಾಯಿ ತಗೊಂಡು ಅಲ್ಲೇ ನಿಂತು ಅವಕ್ಕೆ ಸುತ್ತಿದ್ದ ಬೇಸ್‌ಬಾಲ್ ಆಟಗಾರರ ಕಾರ್ಡು ಬಿಚ್ಚಿದೆ. ನಾಲ್ಕು ಹಬಾನಾ ತಂಡದವರು. ಥೂ, ಆ ಕೆಂಪು ಬಟ್ಟೆ ನೋಡಿದ್ರೇ ಮೈ ಉರಿಯತ್ತೆ. ಇನ್ನಿಬ್ಬರು ನಮ್ಮ ಅಲ್ಮೆಂದಾರೆಸ್‌ನವರೇ, ಆದ್ರೆ ಇಬ್ಬರೂ ನನ್ನ ಹತ್ರ ಇರೋರು. ಆಲ್ಬಮ್ಮಿನ ನೀಲಿ ಪುಟದಲ್ಲಿ ಇಪ್ಪತ್ತಮೂರು ಚೌಕ ತುಂಬಿದೆ. ಖಾಲಿ ಇರೋದು ಒಂದೇ — ಎಡಗೈಲಿ ಚೆಂಡೆಸೆಯೋ ಪಿಚ್ಚರ್ ಲಿಸಾರ್ದೊ.

"ಮಿಠಾಯಿ ತಿನ್ನಲ್ವೇನಮ್ಮ ಎಲಾದಿಯಾ?" ಅಂದ್ರು ದೊನ್ ರಮೀರೊ.

"ನೀವೇ ತಿನ್ನಿ. ಹಲ್ಲು ಉಳಿದಿದ್ರೆ."

ಮನೆಗೆ ಬಂದ ತಕ್ಷಣ ಫಾವುಸ್ತಿನೊ ಕೇಳಿದ, "ಸಿಕ್ತಾ?" ಅಂತ. ದಿನಾ ಕೇಳ್ತಾನೆ. ಗಂಡ ಅಂದ್ರೆ ಹೀಗಿರಬೇಕು. ಷೂ ರಿಪೇರಿಗೆ ಬರೋ ಗಿರಾಕಿಗಳನ್ನೆಲ್ಲ ನನಗೋಸ್ಕರ ವಿಚಾರಿಸ್ತಾನಂತೆ. ಎರಡೆರಡು ಬಂದ ಕಾರ್ಡೆಲ್ಲ ಅವನ ಕೈಗೇ ಕೊಡ್ತೀನಿ, ಯಾರ ಹತ್ರಾನಾದ್ರೂ ಬದಲಾಯಿಸ್ಕೊಂಡು ಬರಲಿ ಅಂತ.

ನವೆಂಬರ್ 13

ಗೆದ್ವಿ! ಒಂಬತ್ತೂ ಇನ್ನಿಂಗ್ಸ್ ಲಿಸಾರ್ದೊನೇ ಎಸೆದ. ಚುರುಟಿನ ಫ್ಯಾಕ್ಟರೀಲಿ ಕೆಲಸ ಮಾಡೋವಾಗ ನಮಗೆ ಪೇಪರ್ ಓದಿ ಹೇಳೋರ ಹತ್ರ ಆಟದ ಸುದ್ದಿ ಎರಡು ಸಲ ಓದಿಸಿದ್ವಿ. ಎದುರು ಬೆಂಚಿನ ಎದೆಲ್ಮಿರಾ ಹಬಾನಾ ತಂಡದ ಕಡೆಯವಳು, ಮುಖ ಗಂಟು ಹಾಕ್ಕೊಂಡು ಎಲೆಯ ನಾರು ಕೀಳ್ತಾ ಕೂತಿದ್ಲು. ನನಗೆ ಹಬ್ಬ.

ರಾತ್ರಿ ಅನ್ನ, ಕರಿ ಹುರುಳಿ, ಕರಿದ ಬಾಳೆಕಾಯಿ. ಫಾವುಸ್ತಿನೊ ಸುಮ್ಮನೆ ತಿಂದ. ಆಮೇಲೆ — "ಆ ಕಾರ್ಡಿಗೆ ಯಾಕೆ ಇಷ್ಟು ಒದ್ದಾಡ್ತೀಯೇ? ಅದೇನು ಚೆಂದನಾ? ಟೋಪಿ ಓರೆ. ಒಂದು ಕಣ್ಣು ಅರ್ಧ ಮುಚ್ಚಿದೆ."

ನಕ್ಕು ನಕ್ಕು ಸಾಕಾಯ್ತು.

ನವೆಂಬರ್ 14, ಬೆಳಿಗ್ಗೆ ಐದು

ಟೋಪಿ ಓರೆ ಅಂತ ಅವನಿಗೆ ಹೇಗೆ ಗೊತ್ತು?

ಕಾಫಿ ಸೋಸ್ತಾ ಇದ್ದೆ, ಥಟ್ಟನೆ ಹೊಳೀತು. ಆಲ್ಬಮ್ಮಿನ ಚೌಕದಲ್ಲಿ ಇರೋದು ಬರೀ ಹೆಸರು, ನಂಬರು. ಆ ಕಾರ್ಡನ್ನ ನಮ್ಮ ಬೀದೀಲಿ ಕಣ್ಣಾರೆ ಕಂಡವರೇ ಇಲ್ಲ.

ನವೆಂಬರ್ 15

ಕೇಳಿದೆ. "ದೊನ್ ರಮೀರೊ ಅಂಗಡೀಲಿ ಯಾರೋ ತೋರಿಸಿದ್ರು" ಅಂದ. ಅಂದಿದ್ದೇನೋ ಸರಿ, ಅನ್ನುವಾಗ ಕಿವಿ ಯಾಕೆ ಕೆಂಪಾಯ್ತು?

ನೆಟ್ಟಗೆ ಅಂಗಡೀಗೆ ಹೋದೆ. "ಅಮ್ಮನಾಣೆ ಕಣಮ್ಮ, ಆ ಕಾರ್ಡು ಇಲ್ಲಿಗೆ ಬಂದಿದ್ರೆ ಬಾಗಿಲಿಗೆ ಬೋರ್ಡೇ ಹಾಕ್ತಿದ್ದೆ" ಅಂದ್ರು ದೊನ್ ರಮೀರೊ. ಆಮೇಲೆ ಸುಮ್ಮನೆ ಅಕ್ಕಿ ತೂಗೋಕೆ ನಿಂತ್ರು. ಅಕ್ಕಿ ಕೇಳಿದವರು ಯಾರೂ ಇರಲಿಲ್ಲ.

ಕಾರ್ಡು ಅವನಿಗೆ ಸಿಕ್ಕಿದೆ. ನನಗೆ ಕೊಟ್ಟಿಲ್ಲ. ಅಂದ್ರೆ ಇನ್ಯಾರಿಗೋ ಕೊಟ್ಟಿದ್ದಾನೆ... ಹೆಂಗಸಾ?

ನವೆಂಬರ್ 19

ಮಧ್ಯಾಹ್ನ ಅವನ ಅಂಗಡೀಗೆ ಹೋದೆ. ಯಾರಿಗೋ ಬೂಟು ಕೊಟ್ಟುಬರೋಕೆ ಹೋಗಿದ್ದ. ಹುಡುಕಿದೆ, ಹೌದು, ಕಳ್ಳಿ ಥರ ಹುಡುಕಿದೆ. ಮರದ ಅಚ್ಚುಗಳ ಹಿಂದೆ ಒಂದು ಡಬ್ಬ. ಕಾಗದ ಇರತ್ತೆ, ಕೂದಲೆಳೆ ಇರತ್ತೆ ಅಂತ ಎದೆ ಗಟ್ಟಿ ಮಾಡ್ಕೊಂಡು ತೆಗೆದೆ.

ಆಲ್ಬಮ್.

ಕೆಂಪು ಪುಟ ಪೂರ್ತಿ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು. ಒಂದು ಮೂಲೇನೂ ಎದ್ದಿಲ್ಲ, ಅಷ್ಟು ನೀಟಾಗಿ ಗಂಜಿ ಹಚ್ಚಿ ಅಂಟಿಸಿದ್ದಾನೆ. ನೀಲಿ ಪುಟದಲ್ಲಿ ಒಬ್ಬನೂ ಇಲ್ಲ. ಮೊದಲ ಹಾಳೇಲಿ ಅವನದೇ ಅಕ್ಷರ: ಫಾವುಸ್ತಿನೊ, ಸಾಯೋವರೆಗೂ ಹಬಾನಾ.

ಹೆಂಗಸಾಗಿದ್ರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಇದಕ್ಕೆ ಯಾರ ಜುಟ್ಟು ಹಿಡೀಲಿ?

ಇದ್ದ ಹಾಗೇ ಇಟ್ಟು ಬಂದೆ. ಅಡುಗೆ ಮಾಡಿದೆ. ಬಂದ, "ಸಿಕ್ತಾ?" ಅಂದ.

ನವೆಂಬರ್ 28

ಬರೆಯೋಕೆ ಆಗ್ಲಿಲ್ಲ. ಮಾತೂ ಆಡ್ಲಿಲ್ಲ. ಹಲ್ಲುನೋವು ಅಂದೆ. ನಂಬಿದ, ಲವಂಗ ತಂದುಕೊಟ್ಟ.

ಇವತ್ತು ಫ್ಯಾಕ್ಟರೀಲಿ ಎದೆಲ್ಮಿರಾ ಶುರು ಮಾಡಿದ್ಲು. "ಏನೇ, ನಿಮ್ಮ ಲಿಸಾರ್ದೊ ಇನ್ನೂ ಮನೆಗೆ ಬಂದಿಲ್ವಾ?" ಪಕ್ಕದವರೆಲ್ಲ ಕಿಸಕ್ಕನೆ ನಕ್ರು.

ಎಲೆ ಕೆಳಗಿಟ್ಟೆ. "ಎದೆಲ್ಮಿರಾ, ನನ್ನ ಗಂಡ ಯಾರ ಕಡೆ?"

ನಗು ನಿಂತೇ ಹೋಯ್ತು.

"ನಿನಗೆ... ಗೊತ್ತಿದ್ದೂ ಸುಮ್ಮನಿದ್ದೀಯ ಅಂದ್ಕೊಂಡಿದ್ದೆ ಕಣೇ."

ಎಲ್ಲಾ ಕಕ್ಕಿಸಿದೆ. ಲಿಸಾರ್ದೊ ಅವನಿಗೆ ಅಕ್ಟೋಬರಿನಲ್ಲೇ ಸಿಕ್ಕಿದ್ದ. ಕೆಂಪು ಪುಟಕ್ಕೆ ಕ್ಯಾಚರ್ ಒಬ್ಬ ಬಾಕಿ ಇದ್ದ, ಅದು ಎದೆಲ್ಮಿರಾ ಹತ್ರ ಇತ್ತು. ಅದಲು ಬದಲು. ಅವಳು ಆ ಕಾರ್ಡನ್ನ ಮತಾನ್ಸಾಸ್‌ನಲ್ಲಿರೋ ತನ್ನ ಅಕ್ಕನ ಆಲ್ಬಮ್ಮಿಗೆ ಕಳಿಸಿದ್ದಾಳೆ.

"ವಾಪಸ್ ತರಿಸು."

"ಅಂಟಿಸಿಬಿಟ್ಟಿದ್ದಾಳೆ, ಎಲಾದಿಯಾ."

ಅಂಟಿಸಿದ ಮೇಲೆ ಮುಗೀತು. ಹಬೆ ಹಿಡಿದು ಕಿತ್ರೆ ಮುಖವೇ ಸುಲಿದು ಬರತ್ತೆ.

ಮಿಕ್ಕ ಕೆಂಪಿನವರನ್ನ ಹೇಗೆ ಸಂಪಾದಿಸಿದ ಅನ್ನೋದೂ ಗೊತ್ತಾಯ್ತು. ನಾನು ನಂಬಿ ಕೊಟ್ಟ ಕಾರ್ಡುಗಳನ್ನ ಬದಲಾಯಿಸಿ! ದೊನ್ ರಮೀರೊಗೆ ಗೊತ್ತು. ಕ್ಷೌರದಂಗಡಿಯವನಿಗೆ ಗೊತ್ತು. ಪೇಪರ್ ಓದೋರಿಗೂ ಗೊತ್ತು. ಇಡೀ ಬೀದಿ ಸೇರಿ ನನ್ನ ಕಿವಿಗೆ ಹೂವಿಟ್ಟಿದೆ. ನಾನು ಪೆದ್ದಿ, ದಿನಾ ಆರು ಮಿಠಾಯಿ ಬಿಚ್ತಾ ನಿಂತಿದ್ದೆ. ಅವರೆಲ್ಲ ನೋಡ್ತಾ ನಿಂತಿದ್ರು.

ಡಿಸೆಂಬರ್ 1, ಭಾನುವಾರ

ಅವನ ಆಲ್ಬಮ್ ತಂದು ಊಟದ ಮೇಜಿನ ಮೇಲೆ ಇಟ್ಟೆ. ಚಮಚ ಕೆಳಗಿಟ್ಟ.

"ಯಾವಾಗಿಂದ?" ಅಂದೆ.

"ಹುಟ್ಟಿದಾಗಿಂದ."

"ಮತ್ತೆ ಹನ್ನೊಂದು ವರ್ಷ ನನ್ನ ಪಕ್ಕ ಕೂತು ನೀಲಿ ಬಾವುಟ ಬೀಸಿದ್ದು?"

"ನಿಮ್ಮಪ್ಪ ಕೆಂಪಿನವನಿಗೆ ಮಗಳನ್ನ ಕೊಡ್ತಿದ್ರಾ? ಮದುವೆ ಆದ್ಮೇಲೆ ಹೇಳೋಣ ಅಂತಿದ್ದೆ. ಆಮೇಲೆ... ಬಾಯಿ ಬರಲಿಲ್ಲ."

"ಅದು ಹಾಳಾಗಲಿ. ಕಾರ್ಡು ಕೊಟ್ಟುಬಂದ ಮೇಲೂ ದಿನಾ ಸಂಜೆ ಸಿಕ್ತಾ, ಸಿಕ್ತಾ ಅಂತ ಕೇಳಿದ್ಯಲ್ಲೋ! ಹೇಗೆ ಮನಸ್ಸು ಬಂತು?"

ತಲೆ ತಗ್ಗಿಸಿದ. "ಆ ಕ್ಯಾಚರ್ ಒಬ್ಬನೇ ಬಾಕಿ ಇದ್ದ ಕಣೇ."

ಹೊಟ್ಟೆ ಉರಿದಿದ್ದು ಇದಕ್ಕೇ — ಆ ಮಾತು ನನಗೆ ಅರ್ಥವಾಯ್ತು. ಒಂದೇ ಒಂದು ಬಾಕಿ ಇದ್ರೆ ಏನಾಗತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಗ ನೆನಪಾಯ್ತು. ಮದುವೆಗೆ ಮುಂಚಿನ ಮಾತು. ಅಲ್ಮೆಂದಾರೆಸ್ ಕಪ್ ಗೆದ್ದ ದಿನ ಗ್ಯಾಲರೀಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಿದ್ದ. ಗೆದ್ದ ಸಂತೋಷಕ್ಕೆ ಹೀಗೆ ಅಳೋ ಗಂಡಸು ಇದ್ದಾನಾ ಅಂತ ಅವತ್ತೇ ಮನಸ್ಸು ಕೊಟ್ಟಿದ್ದೆ.

"ಅವತ್ತು ನೀನು ಅತ್ತಿದ್ದು ಯಾಕೆ?" ಅಂದೆ.

ಚಮಚವನ್ನ ಮೇಜಿನ ಮೇಲೆ ತಿರುಗಿಸ್ತಾ ಕೂತ.

"ಸೋತಿದ್ವಲ್ಲ," ಅಂದ.

ಡಿಸೆಂಬರ್ 3, ಬೆಳಿಗ್ಗೆ

ನಿದ್ದೆ ಇಲ್ಲ. ಇವತ್ತು ಕೆಲಸಕ್ಕೆ ಹೋಗಲ್ಲ. ಅವನು ಅಂಗಡೀಗೆ ಹೋದ, ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿದ. ನೋಡಲಿ.

ಅವನ ಅಳು ಹೋಯ್ತು, ಸರಿ. ನಗು? ಮದುವೆ ಹಿಂದಿನ ಸಂಜೆ ಎಷ್ಟು ನಕ್ಕಿದ್ದ... ಅಮ್ಮನ್ನ ಎತ್ತಿ ಒಂದು ಸುತ್ತು ಸುತ್ತಿಸಿದ್ದ. ಅದಾದ್ರೂ ನನ್ನದು.

ಹಳೇ ದಿನಚರಿಗಳು ಮಂಚದ ಕೆಳಗಿನ ಪೆಟ್ಟಿಗೇಲಿ ಇವೆ. ನೋಡಬಾರದು.

ತೆಗೆದೆ. ಸಿಕ್ತು ಆ ಪುಟ. ನನ್ನದೇ ಅಕ್ಷರ. "ಫಾವುಸ್ತಿನೊ ಇಷ್ಟು ನಗೋದನ್ನ ಯಾವತ್ತೂ ನೋಡಿಲ್ಲ. ನಾನಂದ್ರೆ ಪ್ರಾಣ ಅವನಿಗೆ." ಅದರ ಕೆಳಗೆ ಅವತ್ತಿನ ಆಟ. ಹಬಾನಾ ಏಳು, ನಾವು ಎರಡು.