ಇಪ್ಪತ್ತೆರಡು ‘ಇಲ್ಲ’ಗಳ ಹಿಂಬದಿ

ಅತ್ತೆಯವರ ಆಚೆ ಬದಿಗೆ ಕುಳಿತಿರುವ ನನ್ನವರಿಗೆ,

ನಮ್ಮಿಬ್ಬರ ನಡುವೆ ಇರುವುದು ಅತ್ತೆಯವರು ಮತ್ತು ಅವರ ಬುತ್ತಿಗಂಟು, ಅಷ್ಟೇ. ಆದರೂ ಬರೆಯುತ್ತಿದ್ದೇನೆ. ಹಿರಿಯರ ಮುಂದೆ ಹೊಸ ಹೆಂಡತಿ ಗಂಡನೊಡನೆ ಮಾತಿಗಿಳಿಯಬಾರದಂತೆ! ಕಣ್ಣಿನ ಡಾಕ್ಟರು ಕರೆಯುವತನಕ ಸುಮ್ಮನೆ ಕೂರಲು ನನ್ನಿಂದ ಆಗುತ್ತಿಲ್ಲ. ಆಗಲೇ ನಾಲ್ಕು ಸಲ ಎದ್ದು ನೀರು ಕುಡಿದು ಬಂದೆ, ನೋಡಿದಿರಲ್ಲ?

ಮದುವೆಯಾಗಿ ಇಪ್ಪತ್ತಾರು ದಿನ. ಹಾನಗಲ್ಲಿನ ಇಂಗ್ಲಿಷ್ ಮೀಡಿಯಂ ಹುಡುಗಿ ಸೊಸೆಯಾಗಿ ದುಂಡಸಿಗೆ ಬಂದು, ನಿಮ್ಮ ನಗು, ನಿಮ್ಮ ನಡಿಗೆ, ಚಹಾವನ್ನು ಬಸಿಗೆ ಸುರಿದು ಊದುವ ನಿಮ್ಮ ರೀತಿ, ಎಲ್ಲ ಬಾಯಿಪಾಠವಾಯಿತು ಎಂದು ಬೀಗುತ್ತಿದ್ದೆ. ಹೋದ ವಾರ ಊಟದ ನಡುವೆ ಬಲಗೈ ಸೆಟೆದು ನೀವು ತಾಟಿನ ಮೇಲೇ ಬಿದ್ದಿರಿ. ಶಿಗ್ಗಾಂವಿಯ ಡಾಕ್ಟರು ಹುಬ್ಬಳ್ಳಿಗೆ ಹೋಗಿ ತಲೆಯ ಎಂಆರ್‌ಐ ಮಾಡಿಸಿ ಎಂದರು. ಬಸ್ಸಿನುದ್ದಕ್ಕೂ ಅತ್ತೆಯವರಿಗೆ ನನ್ನದೇ ಪಾಠ: “ಅದು ಬರೇ ಅಯಸ್ಕಾಂತ ರೀ ಅತ್ತಿ, ಮಿದುಳಿನ ಫೋಟೊ ತಗೀತದ. ನೋವಾಗಂಗಿಲ್ಲ.”

ಇಲ್ಲಿ ಈ ಫಾರ್ಮು ಕೊಟ್ಟರು. “ಇಂಗ್ಲಿಷಿನ್ಯಾಗ ಐತೇನು? ನಮ್ಮ ಸೊಸಿ ತುಂಬ್ತಾಳ ತಗೋರಿ” ಎಂದರು ಅತ್ತೆಯವರು. ಬಾಯಿಬಿಟ್ಟು ಹೇಳಬಾರದ ನಿಮ್ಮ ಹೆಸರನ್ನು ಮೊದಲ ಸಲ ದುಂಡಗೆ ಬರೆದೆ. ಎಂಥ ಖುಷಿ! ಅದೇ ಖುಷಿಯಲ್ಲಿ ಇಪ್ಪತ್ತೆರಡೂ ಪ್ರಶ್ನೆಗಳಿಗೆ ‘ಇಲ್ಲ’ ಎಂದು ಗುರುತು ಹಾಕಿದೆ. ಕಣ್ಣಿಗೆ ಎಂದಾದರೂ ಲೋಹದ ಚೂರು ಸಿಡಿದಿದೆಯೆ ಎಂಬುದಕ್ಕೂ. ಅತ್ತೆಯವರನ್ನು ದಾಟಿ ಬಾಗಿ ನಿಮ್ಮನ್ನು ಕೇಳಲು ನಾಚಿಕೆಯಾಗಿತ್ತು.

ನಿಮ್ಮ ಉಂಗುರ, ಉಡದಾರ ನನ್ನ ಕೈಗಿತ್ತು ನಿಮ್ಮನ್ನು ಒಳಗೆ ಕರೆದೊಯ್ದರು. ಉಡದಾರದ ತಾಯಿತವನ್ನು ಸವರುತ್ತ ಅತ್ತೆಯವರು ಹೇಳಿದರು: “ಬಂದೇಸಾಬನ ವೆಲ್ಡಿಂಗ್ ಶೆಡ್ಡಿನ್ಯಾಗ ಟ್ರ್ಯಾಲಿ ಉಜ್ಜಾಕತ್ತಾಗ ನಮ್ಮ ದುರ್ಗ್ಯಾನ ಕಣ್ಣಿಗೆ ಕಿಡಿ ಸಿಡದಿತ್ತು, ಆವಾಗ ಕಟ್ಟಿಸಿದ್ದು. ಆಡೂರಿನ ಮುದುಕಿ ಕಣ್ಣಾಗ ನಾಲಿಗಿ ಆಡಿಸಿ ಚೂರು ತಗದ್ಲು. ‘ಇಷ್ಟ ಸಿಕ್ತು ನೋಡವ್ವ’ ಅಂದ್ಲು.”

ಇಷ್ಟೇ ಸಿಕ್ಕಿತೆ? ಉಳಿದದ್ದು?

ನಾನು ಓಡಿದೆ. ಬಾಗಿಲು ಬಡಿದೆ. ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದೆ: “ದುರ್ಗೇಶ! ಒಳಗ ಹೋಗಬ್ಯಾಡ, ನಿಂದ್ರು!”

ನೀವಿನ್ನೂ ಹಸಿರು ಗೌನು ತೊಟ್ಟು ಹೊರಕೋಣೆಯಲ್ಲೇ ಇದ್ದಿರಿ. ಯಂತ್ರ ನಡೆಸುವವರು ನಿಮ್ಮನ್ನು ಅಲ್ಲೇ ತಡೆದು ಎಕ್ಸ್‌ರೇಗೆ ಕಳಿಸಿದರು. ಬಲಗಣ್ಣಿನ ಗೂಡಿನಲ್ಲಿ ಅರ್ಧ ಸಾಸಿವೆಯಷ್ಟು ಬಿಳಿ ಚುಕ್ಕೆ. “ಅಯಸ್ಕಾಂತ ಯಾವಾಗ್ಲೂ ಚಾಲೂನ ಇರ್ತದ ತಂಗಿ. ಆ ಚೂರು ಜಗ್ಗಿದ್ರ ಕಣ್ಣು ಹೋಗ್ತಿತ್ತು” ಎಂದರು ಯಂತ್ರದವರು.

ಹೊರಗೆ ಬಂದ ನೀವು ನಕ್ಕಿರಿ: “ಹುಬ್ಬಳ್ಳಿ ಮಂದಿಗೆಲ್ಲಾ ನನ್ನ ಹೆಸರು ಗೊತ್ತಾತು.” ಅತ್ತೆಯವರು, “ಗಂಡನ ಹೆಸರು ಹಿಡದಿ, ಅದೂ ಏಕವಚನದಾಗ!” ಎಂದು ಗದರಿದರು. ಗದರುತ್ತಲೇ ನನ್ನ ಎಡಗೈ ಹಿಡಿದರು; ನೀರು ಕುಡಿದು ಬಂದಾಗಲೆಲ್ಲ ಮತ್ತೆ ಹಿಡಿದುಕೊಳ್ಳುತ್ತಾರೆ.

ಕಣ್ಣಿನ ಡಾಕ್ಟರು ಚೂರು ತೆಗೆದ ಮೇಲೆ ಮತ್ತೆ ಅದೇ ಯಂತ್ರ. ನಿಮ್ಮ ತಲೆಯೊಳಗೆ ಏನಿದೆಯೋ ಇನ್ನೂ ಗೊತ್ತಿಲ್ಲ. ಕೆಂಪು ಗೆರೆ ಎಳೆದು ಮರಳಿಸಿದ ಆ ಫಾರ್ಮಿನ ಹಿಂಬದಿಗೇ ಇದನ್ನು ಬರೆದು ಬುತ್ತಿಗಂಟಿನ ಕೆಳಗಿಂದ ಸರಿಸುತ್ತಿದ್ದೇನೆ. ಹೊಸ ಫಾರ್ಮು ನನ್ನ ತೊಡೆಯ ಮೇಲೆ ಖಾಲಿ ಇದೆ. ಓದಿದ ಕೂಡಲೆ ಎದ್ದು ಈ ಬದಿಗೆ ಬಂದು ಕೂತುಕೊಳ್ಳಿ. ಒಂದೊಂದೇ ಪ್ರಶ್ನೆ ಬಾಯಿಬಿಟ್ಟು ಕೇಳುತ್ತೇನೆ. ಅತ್ತೆಯವರೂ ಕೇಳಿಸಿಕೊಳ್ಳಲಿ.

ನಿಮ್ಮ ಎರಡೂ ಕಣ್ಣು ತಂಪಾಗಿರಲಿ.

ಒಂದು ಮಾರು ದೂರದಿಂದ,
ನಿಮ್ಮ ವಿದ್ಯಾ