ನದಿಯಾಚೆಯ ಸ್ಪೆಲ್ಲಿಂಗ್

ಸೇಂಟ್ ಸ್ಟೀಫನ್, ನ್ಯೂ ಬ್ರನ್ಸ್‌ವಿಕ್, ಕೆನಡಾ
ಆಗಸ್ಟ್ 19, ಮಂಗಳವಾರ

ನನ್ನ ಮುದ್ದು ಥಿಯಾ,

ಮೊಮ್ಮಗಳನ್ನು ಸೇತುವೆ ದಾಟಿಸಿ, ಆಚೆ ದಡದ ಅಮೆರಿಕದಲ್ಲಿ ನಿನ್ನ ಕೈಗೊಪ್ಪಿಸಿ ಬಂದು ಎರಡು ದಿನವಾಯಿತು. ಮನೆ ಬಿಕೋ ಎನ್ನುತ್ತಿದೆ, ಆದರೂ ಮನಸ್ಸು ತುಂಬಿದೆ. ಗಡಿ ತಪಾಸಣೆಯವರ ಎದುರು ಕಾರು ನಿಲ್ಲಿಸಿಕೊಂಡು ಮಾತಾಡಲಾಗಲಿಲ್ಲ, ಆದ್ದರಿಂದ ಈ ಪತ್ರ. ನೀನು ಕೇಳದಿದ್ದರೂ ವರದಿ ಒಪ್ಪಿಸುತ್ತೇನೆ.

ವಿನಿಯನ್ನು ಬಿಟ್ಟುಹೋಗುವಾಗ ನೀನು ಹಾಕಿದ ಷರತ್ತು ಒಂದೇ. "ಅಮ್ಮ, ಅವಳು ಬರೆದಿದ್ದಕ್ಕೆ ನಿನ್ನ ಕೆಂಪು ಪೆನ್ಸಿಲ್ ತಾಗಿಸ್ಬೇಡ. ತಾಗಿಸಿದ್ರೆ ಮತ್ತೆ ಕಳ್ಸಲ್ಲ." ಹತ್ತು ದಿನದ ಮಾತು, ಅದೇನು ಮಹಾ ಎಂದುಕೊಂಡೆ. ಮೂವತ್ತೊಂದು ವರ್ಷ ಊರಿನ ವಾರಪತ್ರಿಕೆಯ ಕರಡು ತಿದ್ದಿದ ಕೈ ಇದು. ಹೋಟೆಲಿನ ತಿಂಡಿ ಪಟ್ಟಿ ಕಂಡರೂ ತುರಿಸುತ್ತದೆ, ಸತ್ತವರ ಮನೆಯ ಕಾರ್ಡು ಕಂಡರೂ ತುರಿಸುತ್ತದೆ. ಎರಡನೆಯ ದಿನವೇ ವಿನಿ ತನ್ನ ದಿನಚರಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಆಡಲು ಓಡಿದಳು. ಇಂಗ್ಲಿಷಿನ 'ಕಲರ್' ಪದದಲ್ಲೂ 'ನೇಬರ್' ಪದದಲ್ಲೂ ಈ ದಡದ ನಾವು ಹಾಕುವ 'ಯು' ಅಕ್ಷರ ನಾಪತ್ತೆ. ನೀನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಹಾಗೇ ಬರೆದಿದ್ದಳು. ನಾನು ಪೆನ್ಸಿಲ್ ತೆಗೆದೆ, ಚೂಪು ಮಾಡಿದೆ, ಆಮೇಲೆ ನಾಚಿಕೆಯಾಗಿ ಅದರಲ್ಲೇ ದಿನಸಿ ಪಟ್ಟಿ ಬರೆಯುತ್ತಾ ಕೂತೆ.

ಶನಿವಾರ ಚರ್ಚಿನಲ್ಲಿ ಬೀನ್ಸ್ ಊಟವಿತ್ತು. ಪೈ ಮಾರುವ ಮೇಜಿಗೆ ಬೋರ್ಡು ಬರೆಯುವ ಕೆಲಸವನ್ನು ವಿನಿ ತಾನಾಗಿ ಹೊತ್ತುಕೊಂಡಳು. ಎಲ್ಲ ರುಚಿಯ ಪೈಗಳೂ ಇವೆ, ನೆರೆಯವರಿಗೆಲ್ಲ ಸ್ವಾಗತ ಎಂದು, ಅದೂ 'ಯು' ಇಲ್ಲದ ನಿಮ್ಮ ದಡದ ಸ್ಪೆಲ್ಲಿಂಗಿನಲ್ಲಿ, ಗೇಣುದ್ದದ ಅಕ್ಷರಗಳಲ್ಲಿ. ಬಂದವರ ಕಣ್ಣೆಲ್ಲ ಮೊದಲು ಬೋರ್ಡಿನ ಮೇಲೆ, ಆಮೇಲೆ ನನ್ನ ಮೇಲೆ. ಪೈ ಮೇಜಿನ ಯಜಮಾನಿ ಎನಿಡ್ ಕಾರಿಗನ್ ಗೊತ್ತಲ್ಲ, ಹೋದ ವರ್ಷ ಅವಳ ಬೋರ್ಡನ್ನು ನಾನು ಎರಡು ಸಲ ಬರೆಸಿದ್ದೆ. ಸಿಕ್ಕ ಅವಕಾಶ ಬಿಡುತ್ತಾಳೆಯೇ? ಬಣ್ಣದ ಕುಂಚವನ್ನು ನನ್ನ ಕೈಗೆ ತುರುಕಿ, ಎಲ್ಲರಿಗೂ ಕೇಳುವಂತೆ, "ಇಷ್ಟು ವರ್ಷ ನಮ್ ಜೀವ ಹಿಂಡಿದ್ಯಲ್ಲ, ಈಗ ತಿದ್ದಮ್ಮ ತಾಯಿ" ಎಂದಳು. ವಿನಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಅಳು ತಡೆದುಕೊಳ್ಳುವಾಗ ನೀನೂ ಚಿಕ್ಕವಳಿದ್ದಾಗ ಹಾಗೇ ನೋಡುತ್ತಿದ್ದೆ.

ನಾನು ಕುಂಚ ವಾಪಸು ಕೊಟ್ಟೆ. "ತಪ್ಪಿದ್ರೆ ತಾನೆ ತಿದ್ದೋದು? ಅದು ಅವರೂರಿನ ರೀತಿ ಕಣೆ. ಇರ್ಲಿ ಬಿಡು" ಎಂದೆ. ನಾವು ಮಾತ್ರ ಏನು ಪೂರ್ತಿ ಲಂಡನ್ನಿನವರೇ, ಬ್ಯಾಂಕಿನ 'ಚೆಕ್' ಪದವನ್ನು ಲಂಡನ್ನಿನವರ ಹಾಗೆ ಬರೆದು, ಕಾರಿನ 'ಟೈರ್' ಪದವನ್ನು ಅಮೆರಿಕದವರ ಹಾಗೆ ಬರೆಯುವುದಿಲ್ಲವೇ ಎಂದೂ ಸೇರಿಸಿದೆ. ಮ್ಯೂರಿಯಲ್‌ಗೆ ಜ್ವರ ಬಂದಿದೆ ಎಂದು ಎನಿಡ್ ನನ್ನ ಕಡೆ ಬೆರಳು ಮಾಡಿ ಸಾರಿಬಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಏಳು ಗಂಟೆಯೊಳಗೆ ಪೈಗಳೆಲ್ಲ ಖಾಲಿಯಾದವು.

ಆ ಮಾತು ನಾಲ್ಕು ವರ್ಷ ತಡವಾಗಿ ಬಂತು, ಗೊತ್ತು. ಅಂದು, ಅಮೆರಿಕದ ಪ್ರಜೆಯಾದೆ ಎಂದು ನೀನು ಖುಷಿಯಿಂದ ಮೂರು ಪುಟ ಬರೆದಿದ್ದೆ. ಓದಿದಾಗ, ಇನ್ನು ಇವಳು ನನ್ನವಳಲ್ಲ ಅನಿಸಿತು. ಅದನ್ನು ಹೇಳುವ ಧೈರ್ಯವಿಲ್ಲದೆ, ಅಲ್ಲಿನ ಸ್ಪೆಲ್ಲಿಂಗಿಗೆ ಹನ್ನೊಂದು ಕಡೆ ಕೆಂಪು ಗುರುತು ಹಾಕಿ, ಒಂದು ಸಾಲು ಉತ್ತರವೂ ಇಲ್ಲದೆ ಅದೇ ಹಾಳೆಗಳನ್ನು ನಿನಗೆ ಹಿಂದಿರುಗಿಸಿದೆ. ಅಚ್ಚಿನ ಹಾಳೆಗೆ ಮಾಡುವುದನ್ನು ಮಗಳ ಪತ್ರಕ್ಕೆ ಮಾಡಿದೆ. ನೀನು ಮತ್ತೆ ಬರೆಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ತಪ್ಪು ನನ್ನದೇ, ಥಿಯಾ. ನೀನು ಅಲ್ಲಿ ಸುಖವಾಗಿದ್ದೀ ಎಂದು ವಿನಿಯ ಹರಟೆಯಲ್ಲೇ ತಿಳಿಯಿತು. ನನಗೆ ಅಷ್ಟು ಸಾಕು.

ಷರತ್ತು ಪಾಲಿಸಿದ್ದೇನೆ. ಕ್ರಿಸ್‌ಮಸ್ ರಜೆಗೆ ಅವಳನ್ನು ಕಳಿಸು. ಜೊತೆಗೆ ನೀನೂ ಬಂದರೆ, ಮೇಲಿನ ಕೋಣೆಯಲ್ಲಿ ಹಾಸಿಗೆ ಎರಡಿವೆ.

ನಿನ್ನ ದಾರಿ ನೋಡುವ ಅಮ್ಮ,
ಮ್ಯೂರಿಯಲ್

ತಾ.ಕ.: ವಿನಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಆ ಪತ್ರವನ್ನು ಹಿಂದಿರುಗಿಸುವ ಮುಂಚೆ ಮೂರು ಪುಟವನ್ನೂ ಕೈಯಾರೆ ನಕಲು ಮಾಡಿ ಇಟ್ಟುಕೊಂಡಿದ್ದೆ, ನೀನು ಬರೆದ ಹಾಗೇ, ಒಂದಕ್ಷರವನ್ನೂ ಬದಲಿಸದೆ. ಮೊನ್ನೆ ಹೊಲಿಗೆ ಡಬ್ಬಿಯಲ್ಲಿ ಅದು ಅವಳ ಕೈಗೆ ಸಿಕ್ಕಿತು. "ಅಜ್ಜಿ, ನಿಂಗೂ ನಮ್ ಥರ ಬರೆಯೋಕೆ ಬರುತ್ತಾ?" ಎಂದು ಕೇಳಿದಳು. ಬರುತ್ತೆ ಎಂದೆ.